ತೀರ್ಪು ಬಂದಿದೆ, ತಟ್ಟೆ ತಿರುಗಿಲ್ಲ

ನಮಸ್ಕಾರ.

ಲಂಡನ್ನಿನ ಪಂಕ್ ಬ್ಯಾಂಡ್ ‘ದಿ ಡ್ಯಾಮ್ಡ್’ನ ಎರಡನೇ ಆಲ್ಬಂ ‘ಮ್ಯೂಸಿಕ್ ಫಾರ್ ಪ್ಲೆಷರ್’ ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವ ಹಾಗೆ ಅಚ್ಚಿಗೆ ಕಳಿಸಲು ಆಗುವುದಿಲ್ಲ. ಹಾಗಂತ ವಿಷಯವನ್ನು ಕೈಬಿಡಬೇಡಿ. 1977ರ ಲಂಡನ್ ಪಂಕ್, ಅಂದರೆ ಆ ವೇಗದ ಒರಟು ರಾಕ್, ಎಂದ ಕೂಡಲೇ ಬರೆಯುವವರೆಲ್ಲ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಬಾಗಿಲಲ್ಲೇ ನಿಂತುಬಿಡುತ್ತಾರೆ. ನೀವು ಸೋತ ಆಲ್ಬಂ ಒಂದನ್ನು ಎತ್ತಿಕೊಂಡಿದ್ದೀರಿ. ಈ ಪತ್ರ ಇಷ್ಟುದ್ದ ಆಗಿರುವುದು ಅದಕ್ಕೇ.

ಮುಖ್ಯ ದೂರು ಇದು: ಲೇಖನದಲ್ಲಿ ‘ಕ್ರಾಂತಿ’ ಹನ್ನೊಂದು ಸಲ ಬರುತ್ತದೆ, ಡ್ರಮ್ಸ್ ಹೇಗೆ ಕೇಳಿಸುತ್ತದೆ ಎಂಬುದು ಒಮ್ಮೆಯೂ ಇಲ್ಲ. ಈ ಆಲ್ಬಂನ ಪ್ರೊಡ್ಯೂಸರ್, ಅಂದರೆ ರೆಕಾರ್ಡಿಂಗನ್ನು ನಿರ್ದೇಶಿಸಿದವರು, ಪಿಂಕ್ ಫ್ಲಾಯ್ಡ್ ಎಂಬ ರಾಕ್ ಬ್ಯಾಂಡಿನ ನಿಕ್ ಮೇಸನ್. ‘ಪಿಂಕ್ ಫ್ಲಾಯ್ಡ್‌ನ ನಿಕ್ ಮೇಸನ್ ಪಂಕಿನ ಬೆಂಕಿಗೆ ನೀರು ಸುರಿದರು’ ಎಂದು ಬರೆದಿದ್ದೀರಿ. ಆಲ್ಬಂ ಕೇಳದವರೂ ಬರೆಯಬಹುದಾದ ವಾಕ್ಯ ಇದು. ನೀರು ಎಲ್ಲಿ ಬಿತ್ತು, ಯಾವ ಹಾಡಿನ ಎಷ್ಟನೇ ನಿಮಿಷದಲ್ಲಿ? ಅದನ್ನು ತೋರಿಸಿದರೆ ಮಾತ್ರ ನಿಮ್ಮ ವಾದ ನಿಲ್ಲುತ್ತದೆ.

ಮೊದಲ ಆಲ್ಬಂನಿಂದ ಶುರುಮಾಡಿ. ‘ಡ್ಯಾಮ್ಡ್ ಡ್ಯಾಮ್ಡ್ ಡ್ಯಾಮ್ಡ್’ ಬಂದದ್ದು 1977ರ ಫೆಬ್ರುವರಿಯಲ್ಲಿ, ಸ್ಟಿಫ್ ರೆಕಾರ್ಡ್ಸ್‌ನಿಂದ. ಅದನ್ನು ರೆಕಾರ್ಡ್ ಮಾಡಿದ್ದು ಪಾತ್‌ವೇ ಎಂಬ ಪುಟ್ಟ ಸ್ಟುಡಿಯೋದಲ್ಲಿ, ಪ್ರೊಡ್ಯೂಸರ್ ನಿಕ್ ಲೋ. ಅಲ್ಲಿದ್ದದ್ದು ಎಂಟೇ ಟ್ರ್ಯಾಕ್, ಅಂದರೆ ಟೇಪಿನ ಮೇಲೆ ಬೇರೆ ಬೇರೆಯಾಗಿ ದನಿ ಹಿಡಿಯುವ ಸಾಲುಗಳು ಎಂಟೇ. ನೀವು ‘ಎಂಟು ಟ್ರ್ಯಾಕ್‌ನ ಬಡ ಸ್ಟುಡಿಯೋ’ ಎಂದು ಹೇಳಿ ಮುಂದೆ ಓಡಿದ್ದೀರಿ. ಅಲ್ಲೇ ತುಸು ನಿಲ್ಲಿ. ಎಂಟೇ ಟ್ರ್ಯಾಕ್ ಇದ್ದಾಗ ಡ್ರಮ್ಸ್‌ಗೆ ಎಷ್ಟು ಮೈಕ್ ಇಟ್ಟರೂ ಅವನ್ನೆಲ್ಲ ಎರಡೋ ಮೂರೋ ಟ್ರ್ಯಾಕಿಗೆ ಸ್ಥಳದಲ್ಲೇ ಬೆರೆಸಿಬಿಡಬೇಕು. ಆಮೇಲೆ ಸ್ನೇರ್ (ಚಟ್ ಎಂದು ಹೊಡೆಯುವ ಡ್ರಮ್) ಒಂದನ್ನೇ ಮೇಲೆತ್ತೋಣ ಅಂದರೆ ಅದರ ಜೊತೆ ಸಿಂಬಲ್ಸೂ (ಲೋಹದ ತಟ್ಟೆಗಳು) ಎದ್ದು ಬರುತ್ತದೆ. ಹಾಗಾಗಿ ನುಡಿಸುವಾಗಲೇ ಎಲ್ಲವೂ ತೀರ್ಮಾನವಾಗಿರಬೇಕು. ಆ ಆಲ್ಬಂನಲ್ಲಿ ನಮಗೆ ಕೇಳಿಸುವ ಅವಸರ ಬರೀ ಸಿಟ್ಟಿನದ್ದಲ್ಲ, ಅರ್ಧ ಈ ಇಕ್ಕಟ್ಟಿನದ್ದು.

ಎರಡನೆಯದು ಅದೇ ವರ್ಷದ ನವೆಂಬರ್‌ನಲ್ಲಿ ಬಂತು. ರೆಕಾರ್ಡ್ ಮಾಡಿದ್ದು ಪಿಂಕ್ ಫ್ಲಾಯ್ಡ್ ತಮಗಾಗಿ ಕಟ್ಟಿಕೊಂಡಿದ್ದ ಬ್ರಿಟಾನಿಯಾ ರೋದಲ್ಲಿ. ತಮಾಷೆಯೆಂದರೆ ಎರಡು ಸ್ಟುಡಿಯೋಗಳೂ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲೇ ಇದ್ದವು. ಇಷ್ಟರಲ್ಲಿ ಲು ಎಡ್ಮಂಡ್ಸ್ ಸೇರಿ ಗಿಟಾರ್ ಎರಡಾಗಿತ್ತು. ‘ಗಿಟಾರ್ ಎರಡಾದರೂ ಶಕ್ತಿ ಅರ್ಧವಾಯಿತು’ ಎಂದು ಬರೆದಿದ್ದೀರಿ, ಕಾರಣ ಹೇಳಿಲ್ಲ. ಡಿಸ್ಟಾರ್ಷನ್ ಹಾಕಿ ದನಿಯನ್ನು ಒರಟು ಮಾಡಿದ ಎರಡು ಗಿಟಾರ್ ಒಂದೇ ಕಾರ್ಡನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛವನ್ನು) ಒಂದೇ ಸ್ಥಾಯಿಯಲ್ಲಿ ಬಾರಿಸಿದರೆ ಒಂದು ಇನ್ನೊಂದನ್ನು ಮುಚ್ಚುತ್ತದೆ. ಕಾರ್ಡಿನ ಮೊದಲ ಏಟಿನ ಮೊನೆ ಮಸುಕಾಗುತ್ತದೆ, ಅದೇ ಜಾಗದಲ್ಲಿರುವ ಸ್ನೇರೂ ಹಿಂದೆ ಸರಿಯುತ್ತದೆ. ಇದು ನಿಕ್ ಮೇಸನ್ ತಪ್ಪೇ, ಹಾಡು ಕಟ್ಟಿದವರ ತಪ್ಪೇ ಎಂಬುದನ್ನು ನೀವು ಕೇಳಿ ತೀರ್ಮಾನಿಸಿ. ಮೊದಲ ಆಲ್ಬಂನ ಹನ್ನೆರಡರಲ್ಲಿ ಹತ್ತು ಹಾಡು ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಜೇಮ್ಸ್ ಬರೆದವು. ಒಂಬತ್ತೇ ತಿಂಗಳಲ್ಲಿ ಅದೇ ಕೈಯಿಂದ ಇನ್ನೊಂದು ಆಲ್ಬಮ್ಮಿಗಾಗುವಷ್ಟು ಹಾಡು ಹಿಂಡಬೇಕಾಯಿತು ಎಂಬುದನ್ನೂ ತಕ್ಕಡಿಗೆ ಹಾಕಿ.

ಪರೀಕ್ಷೆಗೆ ಒಂದು ಹಾಡು ಇದೆ, ನೀವು ಅದನ್ನು ಮುಟ್ಟೇ ಇಲ್ಲ. 1977ರ ಜುಲೈನಲ್ಲಿ ಮಾರ್ಕೀ ಕ್ಲಬ್ಬಿನ ಕಾರ್ಯಕ್ರಮಗಳಲ್ಲಿ ಬ್ಯಾಂಡು ‘ಸ್ಟ್ರೆಚರ್ ಕೇಸ್ ಬೇಬಿ’ ಎಂಬ ಸಿಂಗಲ್ಲನ್ನು (ಪುಟ್ಟ ರೆಕಾರ್ಡನ್ನು) ಪುಕ್ಕಟೆ ಹಂಚಿತು. ಅದರ ಪ್ರೊಡ್ಯೂಸರ್ ಶೆಲ್ ಟಾಲ್ಮಿ. ಅದೇ ಹಾಡು ‘ಸ್ಟ್ರೆಚರ್ ಕೇಸ್’ ಎಂಬ ಹೆಸರಲ್ಲಿ ಈ ಆಲ್ಬಂನಲ್ಲೂ ಇದೆ. ಎರಡನ್ನೂ ಹೆಡ್‌ಫೋನ್‌ನಲ್ಲಿ ಮೂರು ಮೂರು ಸಲ ಕೇಳಿ: ಒಮ್ಮೆ ಡ್ರಮ್ಸ್ ಮಾತ್ರ, ಒಮ್ಮೆ ಗಿಟಾರ್, ಒಮ್ಮೆ ಗಾಯಕ ಡೇವ್ ವೇನಿಯನ್ ದನಿ. ಪ್ರತಿ ಸಲವೂ ನಿಮಿಷ, ಸೆಕೆಂಡ್ ಬರೆದುಕೊಳ್ಳಿ. ಶುರುಮಾಡುವ ಮೊದಲು ಎರಡರ ವಾಲ್ಯೂಮ್ ಸಮ ಮಾಡಿ. ಈಚಿನ ಮರುಮುದ್ರಣಗಳನ್ನು ಜೋರು ಮಾಡಿರುತ್ತಾರೆ, ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ಇನ್ನು ತಪ್ಪುಗಳು. ಕ್ಯಾಪ್ಟನ್ ಸೆನ್ಸಿಬಲ್ ಇಲ್ಲಿ ಗಿಟಾರ್ ವಾದಕರಲ್ಲ, ಬೇಸ್ ನುಡಿಸಿದ್ದಾರೆ. ಗಿಟಾರಿಗೆ ಬಂದದ್ದು 1979ರ ‘ಮೆಷಿನ್ ಗನ್ ಎಟಿಕೆಟ್’ ಹೊತ್ತಿಗೆ. ‘ಆಲ್ಬಂ ತುಂಬ ಜಾಝ್’ ಎಂದಿದ್ದೀರಿ, ಆದರೆ ಲಾಲ್ ಕಾಕ್ಸ್‌ಹಿಲ್ ಅವರ ಸ್ಯಾಕ್ಸೋಫೋನ್ ಕೆರಳುವುದು ಕೊನೆಯ ಹಾಡು ‘ಯು ನೋ’ದಲ್ಲಿ. ಬ್ಯಾಂಡಿಗೆ ಪ್ರೊಡ್ಯೂಸರ್ ಆಗಿ ಬೇಕಾಗಿದ್ದವರು ಪಿಂಕ್ ಫ್ಲಾಯ್ಡ್ ಬಿಟ್ಟುಹೋಗಿದ್ದ ಸಿಡ್ ಬ್ಯಾರೆಟ್. ಈ ಸಂಗತಿ ನಿಮ್ಮ ಮೂರನೇ ಪುಟದ ಅಡಿಯಲ್ಲಿ ಹೂತುಹೋಗಿದೆ, ಮೊದಲ ಪುಟಕ್ಕೆ ತನ್ನಿ. ಬ್ಯಾರೆಟ್ ಹುಡುಕಿ ಹೊರಟವರಿಗೆ ಮೇಸನ್ ಸಿಕ್ಕರು ಎಂಬಲ್ಲೇ ಕಥೆಯ ಅರ್ಧ ಇದೆ.

ಭಾಷೆಯ ಮಾತು. ಪ್ರೊಡ್ಯೂಸರ್‌ಗೆ ‘ನಿರ್ಮಾಪಕ’ ಬೇಡ. ನಮ್ಮ ಓದುಗರಿಗೆ ನಿರ್ಮಾಪಕ ಅಂದರೆ ಸಿನಿಮಾಕ್ಕೆ ದುಡ್ಡು ಹಾಕುವವರು, ಇಲ್ಲಿನ ಕೆಲಸ ನಿರ್ದೇಶಕರಿಗೆ ಹತ್ತಿರ. ಪ್ರೊಡ್ಯೂಸರ್ ಎಂದೇ ಇಟ್ಟು ಒಮ್ಮೆ ವಿವರಿಸಿ. ‘ಧ್ವನಿಸುರುಳಿ’ ಕ್ಯಾಸೆಟ್ಟಿನ ಪದ, ಎಲ್‌ಪಿಗೆ ಹೊಂದದು. ಆಲ್ಬಂ ಹೆಸರನ್ನು ‘ಆನಂದಕ್ಕಾಗಿ ಸಂಗೀತ’ ಎಂದು ಕನ್ನಡಿಸಿದರೆ ಅದರ ಚೇಷ್ಟೆ ಹೋಗುತ್ತದೆ. ‘ಮ್ಯೂಸಿಕ್ ಫಾರ್ ಪ್ಲೆಷರ್’ ಎಂಬುದು ಬ್ರಿಟನ್ನಿನಲ್ಲಿ ಅಗ್ಗದ ಎಲ್‌ಪಿಗಳನ್ನು ಮಾರುತ್ತಿದ್ದ ಲೇಬಲ್ಲಿನ ಹೆಸರೂ ಹೌದು. ಪಂಕ್ ಬ್ಯಾಂಡೊಂದು ತನ್ನ ಆಲ್ಬಮ್ಮಿಗೆ ಆ ಹೆಸರಿಟ್ಟಾಗ ಅಲ್ಲಿನವರ ಕಿವಿಗೆ ಏನು ಕೇಳಿಸಿರಬಹುದು ಎಂದು ಎರಡು ಸಾಲು ಬರೆಯಿರಿ.

ಬೆಂಗಳೂರಿನ ರಾಕ್ ಪ್ರೇಮದ ಪ್ಯಾರಾ ತೆಗೆದುಹಾಕಿ. ಈ ಆಲ್ಬಮ್ಮಿಗೂ ಅದಕ್ಕೂ ಸಂಬಂಧವಿಲ್ಲ.

ಮುಖಪುಟಗಳ ಬಗ್ಗೆ ಬರೆದದ್ದನ್ನು ಮಾತ್ರ ಮುಟ್ಟಬೇಡಿ. ಮೊದಲ ಆಲ್ಬಂನಲ್ಲಿ ಮುಖಕ್ಕೆಲ್ಲ ಕ್ರೀಂ ಮೆತ್ತಿಕೊಂಡ ನಾಲ್ವರ ಫೋಟೊ, ಎರಡನೆಯದರಲ್ಲಿ ಬಾರ್ನಿ ಬಬಲ್ಸ್ ಬರೆದ, ಚಿತ್ರಕಾರ ಕ್ಯಾಂಡಿನ್ಸ್ಕಿಯನ್ನು ನೆನಪಿಸುವ ಚಿತ್ರ. ಆ ಎಂಟು ಸಾಲಿನಲ್ಲಿ ನೀವು ಒಂದೂ ತೀರ್ಪು ಕೊಟ್ಟಿಲ್ಲ, ಕಂಡದ್ದನ್ನು ಬರೆದಿದ್ದೀರಿ. ‘ಸ್ಟ್ರೆಚರ್ ಕೇಸ್’ಗೂ ಅಂಥ ಎಂಟು ಸಾಲು ಬರೆದು, ಒಟ್ಟು 900 ಪದಕ್ಕೆ ಇಳಿಸಿ ಕಳಿಸಿ. ಜೊತೆಗೆ ಸೆಕೆಂಡ್‌ಗಳ ಆ ಪಟ್ಟಿಯೂ ಬರಲಿ.