ಭಾರದ ಹೊದಿಕೆ ಹೊದ್ದರೆ ಆತಂಕ ನಿಜವಾಗಿ ಕಡಿಮೆಯಾಗುತ್ತಾ?

ಕೆಲವರಿಗೆ ಆಗುತ್ತದೆ, ಎಲ್ಲರಿಗೂ ಅಲ್ಲ. ಸಣ್ಣ ಗಾಜಿನ ಮಣಿಗಳನ್ನು ತುಂಬಿ ಹೊಲಿದ ಹೊದಿಕೆ ಇದು. ಮೈಮೇಲೆಲ್ಲ ಒಂದೇ ಸಮ ಒತ್ತಡ ಬೀಳುತ್ತದೆ. ಅಳುವ ಮಗುವನ್ನು ಅವಚಿಕೊಂಡರೆ ಸುಮ್ಮನಾಗುತ್ತದಲ್ವಾ, ಹಾಗೆ.

ಇಂಥ ಒತ್ತಡದ ಹಿತವನ್ನು ತಾವೇ ಕಂಡುಕೊಂಡವರು ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್. ಅವರಿಗೆ ಆಟಿಸಂ ಇದೆ. ಚುಚ್ಚುಮದ್ದು ಹಾಕುವಾಗ ದನಗಳನ್ನು ಎರಡೂ ಪಕ್ಕದಿಂದ ಒತ್ತಿಹಿಡಿಯುವ ಚೌಕಟ್ಟನ್ನು ಅವರು ಹದಿವಯಸ್ಸಿನಲ್ಲಿ ನೋಡಿದರು. ಕೆಲವು ದನ ಅದರೊಳಗೆ ಶಾಂತವಾಗುತ್ತಿದ್ದವು. ತಾವೂ ಒಳಗೆ ನಿಂತು ನೋಡಿ, ಆಮೇಲೆ ತಮಗೊಂದು ‘ತಬ್ಬುವ ಯಂತ್ರ’ ಮಾಡಿಕೊಂಡರು!

2020ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಮಾನಸಿಕ ತೊಂದರೆಯ ಜೊತೆ ನಿದ್ದೆಗೇಡೂ ಇದ್ದ 120 ಜನರಿದ್ದರು. ನಾಲ್ಕು ವಾರ ಭಾರದ ಹೊದಿಕೆ ಹೊದ್ದವರಿಗೆ ನಿದ್ದೆ, ಆತಂಕ ಎರಡೂ ಸುಧಾರಿಸಿದವು. ಆದರೆ ಹೊದ್ದವರಿಗೆ ಭಾರ ಗೊತ್ತಾಗದೆ ಇರುತ್ತದಾ? ನಂಬಿಕೆಯ ಪಾಲೂ ಸ್ವಲ್ಪ ಇರಬಹುದು.

ಸಾಮಾನ್ಯವಾಗಿ ಮೈತೂಕದ ಹತ್ತನೇ ಒಂದು ಭಾಗ ಸಾಕು. 60 ಕೆಜಿಯವರಿಗೆ 6 ಕೆಜಿ. ದುಡ್ಡು ಹಾಕುವ ಮೊದಲು ಮನೆಯ ಕುರಿ ಕಂಬಳಿಯನ್ನೇ ನಾಲ್ಕು ಮಡಿಕೆ ಮಾಡಿ ತೊಡೆ ಮೇಲೆ ಹಾಕಿಕೊಂಡು ನೋಡಿ. ಮಂಗಳೂರಿನ ಏಪ್ರಿಲ್ ಸೆಕೆಗೆ ಮಾತ್ರ ಬೇಡಪ್ಪಾ. ಆಗ ಆತಂಕವಾದರೆ ಅಂಗೈಯಲ್ಲಿ ಐಸ್ ತುಂಡು ಹಿಡಿಯುವುದೇ ವಾಸಿ.

ಪುಟ್ಟ ಮಕ್ಕಳಿಗೆ ಹೊದಿಸಲೇಬೇಡಿ. ಉಸಿರಾಟದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ. ಆತಂಕ ದಿನದ ಕೆಲಸವನ್ನೇ ಕೆಡಿಸುತ್ತಿದ್ದರೂ ಅಷ್ಟೇ.