ಹೊಸ ಸುರಾಹಿಗೆ 'ಆಂಟಿಕ್' ಅಂತ ಹಾಕಬೇಡ

ತಮ್ಮಾ, ನಿನ್ನ ಬಿದ್ರಿ ಸುರಾಹಿ, ಅದೇ ಉದ್ದ ಕತ್ತಿನ ಹೂಜಿ, ಅದರ ಫೋಟೋ ಜೂಮ್ ಮಾಡಿ ನೋಡಿದೆ. ಬಳ್ಳಿ ಚಂದ ಬಂದಿದೆ, ಬೆಳ್ಳಿ ತಂತಿ ಎಲ್ಲೂ ಎದ್ದಿಲ್ಲ. ಆದ್ರೆ ಮಾರಾಟಕ್ಕೆ ಅಂತ ಕೆಳಗೆ ಇಂಗ್ಲಿಷಲ್ಲಿ 'ಆಂಟಿಕ್ ಸಿಲ್ವರಿ ಬಿದ್ರಿ, ಶೈನಿ' ಅಂತ ಬರೆದಿದ್ದೀಯಲ್ಲ, ಅದನ್ನ ಮೊದಲು ತೆಗಿ.

ಆಂಟಿಕ್ ಅಂದ್ರೆ ಹಳೇ ಡಿಸೈನ್ ಅಲ್ಲಪ್ಪ, ವಸ್ತುವೇ ಹಳೇದು. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲಾವಸ್ತುವನ್ನ ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗೇ ಇಲ್ಲ. ನನ್ನ ಹೂದಾನಿಯೊಂದು ಇದೇ ಪದಕ್ಕೆ ದಾರಿಯಲ್ಲಿ ನಿಂತಿತ್ತು. ಬಿಲ್ ತೋರಿಸಿದೆ, ಎರಕ ಹೊಯ್ದ ಫೋಟೋ ತೋರಿಸಿದೆ. 'ಆಂಟಿಕ್ ಅಂತ ನೀವೇ ಬರೆದಿದ್ದೀರಲ್ರೀ' ಅಂದರು ಕಸ್ಟಮ್ಸ್‌ನವರು. ಏನಂತ ಹೇಳೋದು? ಹೊಸದೇ ಅನ್ನೋದಕ್ಕೆ ಪತ್ರ ತನ್ನಿ ಅಂದರು. ಅಷ್ಟರಲ್ಲಿ ಗಿರಾಕಿ ದುಡ್ಡು ವಾಪಸ್ ಕೇಳಿದ.

ಹಂಗಂತ 'ವಿಂಟೇಜ್' ಹಾಕೋಕೂ ಹೋಗಬೇಡ. ಎಟ್ಸಿ ಅನ್ನೋ ಆನ್‌ಲೈನ್ ಮಾರಾಟ ತಾಣದಲ್ಲಿ ವಿಂಟೇಜ್ ಅಂದ್ರೆ ಕನಿಷ್ಠ 20 ವರ್ಷ ಹಳೇದಾಗಿರಬೇಕು. 'ಓಲ್ಡ್' ಅಂದ್ರೆ ಬಳಸಿದ ಮಾಲು ಅಂತ ರೇಟು ಇಳಿಸಿ ಕೇಳ್ತಾರೆ. 'ಏನ್ಷಿಯಂಟ್' ಬೇಡವೇ ಬೇಡ, ಬಿದ್ರಿ ಕಲೆಯೇ ಅಷ್ಟು ಹಿಂದಿನದಲ್ಲ. 'ಟ್ರೆಡಿಷನಲ್' ಸಾಕು. ಅದು ಕಸುಬಿನ ಬಗ್ಗೆ ಹೇಳುತ್ತೆ, ಸುರಾಹಿಯ ವಯಸ್ಸು ಹೇಳಲ್ಲ.

ಇನ್ನು ಸಿಲ್ವರಿ. ಅದು ಬೆಳ್ಳಿ ಬಣ್ಣದ್ದು ಅಂತ, ಬೆಳ್ಳಿಯದ್ದು ಅಂತ ಅಲ್ಲ. ಅಸಲಿ ಬೆಳ್ಳಿ ಕೂರಿಸಿ ನೀನೇ ನಕಲಿ ಅಂತ ಬೋರ್ಡ್ ಹಾಕಿದ ಹಾಗಾಯ್ತು! 'ಸಿಲ್ವರ್ ಇನ್ಲೇ' ಅಂತ ಬರಿ. ಬರೀ 'ಸಿಲ್ವರ್ ಸುರಾಹಿ' ಅಂದ್ರೂ ತಪ್ಪೇ, ಮೈ ಸತು-ತಾಮ್ರದ್ದು ಅಲ್ವಾ? ಗೋಲ್ಡನ್ ಕೂಡ ಹೀಗೇ, ಹೆಚ್ಚಾಗಿ ಬಣ್ಣದ ಮಾತು. ಆದ್ರೆ ವುಡನ್ ಅಂದ್ರೆ ಮರದ್ದೇ. ಸುಮ್ನೆ ಸೂತ್ರ ಹುಡುಕಬೇಡ.

ಗೂಗಲ್ ಟ್ರಾನ್ಸ್‌ಲೇಟ್ ನಂಬ್ಕೊಂಡು ಬರೀತೀರಿ, ಅದೇ ರಗಳೆ. ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ತೆಗಿ. ಅರ್ಥಕ್ಕಿಂತ ಅದರಲ್ಲಿರೋ ಉದಾಹರಣೆ ವಾಕ್ಯ ಓದು. ನನಗೆ ಕೆಲಸಕ್ಕೆ ಬಂದಿದ್ದು ಅದೇ.

'ಶೈನಿ'ಯೂ ಬೇಡ. ಕಪ್ಪು ಮೈ ಮ್ಯಾಟ್, ಹೊಳೆಯೋದು ಬೆಳ್ಳಿ ಮಾತ್ರ. ಫೋಟೋದಲ್ಲಿ ಹೊಳೀಲಿ ಅಂತ ಬ್ರಾಸೋ ಪಾಲಿಶ್ ಹಾಕಿ ಉಜ್ಜೀಯಾ ಮತ್ತೆ! ಬೀದರ್ ಕೋಟೆ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಹಾಕಿ ಬರಿಸಿದ ಕಪ್ಪು ಮಾಸುತ್ತೆ. ಒಂದು ಹನಿ ಕೊಬ್ಬರಿ ಎಣ್ಣೆ, ಮೆತ್ತನೆ ಬಟ್ಟೆ, ಅಷ್ಟೇ. ಫ್ಲ್ಯಾಶ್ ಬಂದ್ ಮಾಡಿ ಕಿಟಕಿ ಪಕ್ಕ ಇಟ್ಟು ತೆಗಿ. ಎತ್ತರ, ತೂಕ ಹಾಕೇ ಇಲ್ಲ ನೋಡು, ಅದನ್ನೂ ಸೇರಿಸು.