ಪಿ53ರ ಪೂರ್ತಿ ಪ್ರೋಟೀನ್ ಬಿಟ್ಟು ನಡುವಿನ ತುಂಡನ್ನಷ್ಟೇ ಯಾಕೆ ಹರಳು ಮಾಡಿದರು?

ನೀವು ಕೇಳಿದ್ದು ಕ್ಯಾನ್ಸರ್ ತಡೆಯುವ ಪಿ53 ಅನ್ನುವ ಪ್ರೋಟೀನನ್ನು ಹರಳು ಮಾಡಿ, ಎಕ್ಸ್‌ರೇ ಹಾಯಿಸಿ ಕಂಡುಕೊಂಡ 1994ರ ರಚನೆ ಬಗ್ಗೆ. ಪಿ53ರಲ್ಲಿ 393 ಅಮೈನೋ ಆಮ್ಲಗಳಿವೆ, ನಡುವಿನ ಸುಮಾರು ಇನ್ನೂರನ್ನಷ್ಟೇ ನೋಡಿದ್ದು ಅರ್ಧಂಬರ್ಧ ಕೆಲಸ ಅಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಆ ತುಂಡನ್ನು ಸರಿಯಾಗಿ ಆರಿಸಿದ್ದೇ ಅಲ್ಲಿನ ಜಾಣತನ. ನಾನು ಕೆಲವು ವರ್ಷ ಪ್ರೋಟೀನ್ ಹರಳು ಬೆಳೆಸುವ ಲ್ಯಾಬಿನಲ್ಲಿದ್ದವನು.

ಹರಳು ಆಗಬೇಕಾದರೆ ಅಣುಗಳೆಲ್ಲ ಒಂದೇ ಭಂಗಿಯಲ್ಲಿ ಸಾಲಾಗಿ ಕೂರಬೇಕು. ಪಿ53ರ ಎರಡೂ ತುದಿಗಳು ಸಡಿಲ, ಒಂದೊಂದು ಅಣುವಿನಲ್ಲಿ ಒಂದೊಂದು ಕಡೆ ಓಲಾಡುತ್ತವೆ. ಜೀನ್ ಓದುವ ಯಂತ್ರವನ್ನು ಕರೆತರಲು ಒಂದು ತುದಿಗೆ ಆ ಸಡಿಲತನವೇ ಅನುಕೂಲ, ಹರಳಿಗೆ ಮಾತ್ರ ತಲೆನೋವು. ಹಾಗಾದರೆ ಎಲ್ಲಿ ಕತ್ತರಿಸುವುದು? ಪ್ರೋಟೀನಿಗೆ ಸ್ವಲ್ಪ ಪ್ರೋಟಿಯೇಸ್, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವ, ಹಾಕಿ ಬಿಡುತ್ತಾರೆ. ಸಡಿಲ ಭಾಗ ಕತ್ತರಿಸಿ ಹೋಗುತ್ತದೆ, ಗಟ್ಟಿಯಾಗಿ ಮಡಚಿಕೊಂಡದ್ದು ಉಳಿಯುತ್ತದೆ. ಪಿ53ರಲ್ಲಿ ಉಳಿದದ್ದು ಸುಮಾರು 102ನೇ ಅಮೈನೋ ಆಮ್ಲದಿಂದ 292ನೆಯದರವರೆಗಿನ ಭಾಗ. ಡಿಎನ್‌ಎ ಹಿಡಿಯುವುದೂ ಅದೇ, ಕ್ಯಾನ್ಸರ್ ರೋಗಿಗಳಲ್ಲಿ ಜಾಸ್ತಿ ಕೆಡುವುದೂ ಅದೇ.

ಆಮೇಲೆ ಹರಳು ಬೆಳೆಸುವುದು. ಪ್ರೋಟೀನಿನ ಪುಟ್ಟ ಹನಿಯನ್ನು ಗಾಜಿನ ಕವರ್‌ಸ್ಲಿಪ್ ಮೇಲಿಟ್ಟು, ತಲೆಕೆಳಗು ಮಾಡಿ, ದ್ರಾವಣವಿರುವ ಗುಳಿಯ ಮೇಲೆ ಗ್ರೀಸ್ ಹಚ್ಚಿ ಮುಚ್ಚುತ್ತೇವೆ. ಹನಿಯ ನೀರು ನಿಧಾನ ಆವಿಯಾಗಿ ಗುಳಿಗೆ ಸೇರುತ್ತದೆ. ಮೈಕ್ರೋಸ್ಕೋಪಿನಲ್ಲಿ ಹೊಳೆಯುವ ಚೂರು ಕಂಡರೂ ಕುಣಿಯಬಾರದು, ಎಷ್ಟೋ ಸಲ ಅದು ಬರೀ ಉಪ್ಪು. ಸಣ್ಣ ಸೂಜಿಯಲ್ಲಿ ಚುಚ್ಚಿ ನೋಡುತ್ತೇವೆ. ಉಪ್ಪಾದರೆ ಗಟ್ಟಿ, ಟಕ್ಕನೆ ಸಿಡಿಯುತ್ತದೆ. ಪ್ರೋಟೀನ್ ಹರಳಿನಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ ಇರುವುದರಿಂದ ಮೆತ್ತಗೆ ಪುಡಿಯಾಗುತ್ತದೆ. ಒಳ್ಳೆ ಸುದ್ದಿ ಗೊತ್ತಾಗುವಷ್ಟರಲ್ಲಿ ಹರಳು ಕೈಬಿಟ್ಟಿರುತ್ತದೆ ಅನ್ನಿ!

ಎಕ್ಸ್‌ರೇ ಹಾಯಿಸಿದರೆ ಚುಕ್ಕೆಗಳು ಸಿಗುತ್ತವೆ, ಆದರೆ ಚುಕ್ಕೆಯ ತೀವ್ರತೆ ಮಾತ್ರ. ಅಲೆ ಯಾವ ಹಂತದಲ್ಲಿತ್ತು ಅನ್ನುವುದು ದಾಖಲಾಗುವುದಿಲ್ಲ. ಹೋಲುವ ರಚನೆ ಮೊದಲೇ ಇರದಿದ್ದರೆ ಹರಳಿಗೆ ಪಾದರಸದಂಥ ಭಾರದ ಪರಮಾಣು ಸೇರಿಸಿ ಚುಕ್ಕೆಗಳಲ್ಲಾಗುವ ವ್ಯತ್ಯಾಸದಿಂದ ಆ ಹಂತವನ್ನು ಲೆಕ್ಕ ಹಾಕುವುದು ಹಳೆಯ ದಾರಿ.

ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ನಿಕೋಲಾ ಪಾವ್ಲೆಟಿಚ್ ತಂಡ ಡಿಎನ್‌ಎ ಸಮೇತ 2.2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಸ್ಪಷ್ಟತೆಯಲ್ಲಿ ರಚನೆ ಕಂಡಿತು. ಕ್ಯಾನ್ಸರಿನಲ್ಲಿ ಕೆಡುವ ಜಾಗಗಳ ಪಟ್ಟಿ ಮೊದಲೇ ಇತ್ತು, ಕಾರಣ ಇರಲಿಲ್ಲ. 248ನೇ ಜಾಗದ ಅಮೈನೋ ಆಮ್ಲ ಆರ್ಜಿನೈನ್, ಡಿಎನ್‌ಎ ಸುರುಳಿಯ ಎರಡು ಸಂದಿಗಳಲ್ಲಿ ಕಿರಿದಾದದ್ದರೊಳಗೆ ಕೈಯಿಟ್ಟಿದೆ. 273ರದ್ದು ಡಿಎನ್‌ಎಯ ಬೆನ್ನೆಲುಬನ್ನು ಮುಟ್ಟುತ್ತದೆ. 175ರದ್ದು ಡಿಎನ್‌ಎಯನ್ನು ಮುಟ್ಟುವುದೇ ಇಲ್ಲ. ಅದು ಸತುವಿನ ಅಯಾನಿನ ಹತ್ತಿರ ಕೂತು ಪ್ರೋಟೀನಿನ ಎರಡು ಕುಣಿಕೆಗಳನ್ನು ಜಾಗದಲ್ಲಿ ನಿಲ್ಲಿಸುತ್ತದೆ. ಅದು ಕೆಟ್ಟರೆ ಹಿಡಿಯುವ ಭಾಗದ ಆಕಾರವೇ ಹೋಗುತ್ತದೆ. ಒಂದೇ ಕಾಯಿಲೆ, ಕೆಡುವ ಬಗೆ ಎರಡು. ಔಷಧಿ ಹುಡುಕುವವರಿಗೆ ಈ ವ್ಯತ್ಯಾಸ ತುಂಬ ಮುಖ್ಯ.

ಬಿಟ್ಟ ತುಂಡುಗಳನ್ನೂ ಮರೆಯಲಿಲ್ಲ. ನಾಲ್ಕು ಪಿ53 ಜೊತೆಗೂಡುವ ಪುಟ್ಟ ಭಾಗದ ಹರಳು ರಚನೆ 1995ರಲ್ಲಿ ಬಂತು.

ಪ್ರೋಟೀನ್ ರಚನೆಗಳನ್ನು ಇಡುವ ಪ್ರೋಟೀನ್ ಡೇಟಾ ಬ್ಯಾಂಕ್ ಜಾಲತಾಣದಲ್ಲಿ 1ಟಿಯುಪಿ (1TUP) ಅಂತ ಹುಡುಕಿ, ಅದು 1994ರ ಆ ರಚನೆಯ ಗುರುತು, ದುಡ್ಡು ಕೊಡಬೇಕಿಲ್ಲ. ಮೂರು ಪಿ53 ಕಾಣಿಸುತ್ತವೆ, ಗಾಬರಿಯಾಗಬೇಡಿ. ಸರಿಯಾದ ಜಾಗದಲ್ಲಿ ಡಿಎನ್‌ಎ ಹಿಡಿದಿರುವುದು ಅವುಗಳಲ್ಲಿ ಬಿ ಅಂತ ಗುರುತು ಹಾಕಿದ ಸರಪಳಿ ಮಾತ್ರ. 248ನ್ನು ಅದರಲ್ಲೇ ನೋಡಿ.